‘ಊರಲ್ಲಿಲ್ಲ’ ಅಂತ ಬರೆದ ಮಕ್ಕಳು: ರಾಯಚೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ದಸರಾ ಮುಗಿದ ಮೇಲೆ ನನ್ನ ಉದ್ರಿ ಪುಸ್ತಕ ನೋಡಿದರೆ ಸಾಕು, ಯಾರ್ಯಾರು ಗುಳೆ ಹೋದರು ಅಂತ ಗೊತ್ತಾಗುತ್ತೆ. ಜೋಳ, ಪಾತ್ರೆ ಕಟ್ಟಿಕೊಂಡು, ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬೆಂಗಳೂರಿನ ಬಸ್ ಹತ್ತುತ್ತಾರೆ. ಕೂಸಿನ ಲಸಿಕೆ ಬರೆದಿಡುವ ತಾಯಿ ಕಾರ್ಡ್ ಮಾತ್ರ ಮನೆಯ ಟ್ರಂಕಿನಲ್ಲೇ ಉಳಿಯುತ್ತದೆ.

ದಡಾರದ ಸೂಜಿ ಇವರ ಗುಳೆ ನೋಡಿ ಬರುವುದಿಲ್ಲ. ಮೊದಲನೆಯದು 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ನಮ್ಮ ಓಣಿಯ ಒಂದು ಹೆಣ್ಣುಕೂಸಿಗೆ 9 ತಿಂಗಳು ತುಂಬಿದ್ದು ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿ. ಯುಗಾದಿಗೆ ಬಂದಾಗ ಅಜ್ಜಿಯೇ ಸೂಜಿ ಹಾಕಿಸಲು ಎತ್ತಿಕೊಂಡು ಹೋದಳು. ಅವತ್ತು ಬಂದಿದ್ದು ಎರಡೇ ಮಕ್ಕಳು. ಒಂದು ಬಾಟಲಿ ಲಸಿಕೆ ಹಲವು ಮಕ್ಕಳಿಗೆ ಆಗುತ್ತೆ, ತೆರೆದರೆ 4 ತಾಸಿನಲ್ಲಿ ಖಾಲಿ ಮಾಡಬೇಕು, ಉಳಿದದ್ದು ಸುಮ್ನೆ ಹಾಳು, ಮುಂದಿನ ಗುರುವಾರ ಬನ್ನಿ ಅಂತ ಸೂಜಿ ಹಾಕುವವರು ಅಂದರಂತೆ. ಮುಂದಿನ ಗುರುವಾರ ಕೂಸು ಮತ್ತೆ ಶೆಡ್ಡಿನಲ್ಲಿತ್ತು. ಲಸಿಕೆ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ‘ಊರಲ್ಲಿಲ್ಲ’ ಅಂತಿದೆ.

ಬಿಸಿಲಲ್ಲಿ ಮನೆಮನೆ ತಿರುಗುವ ಆಶಾ ಅಕ್ಕನವರನ್ನು ನಾನು ದೂರುತ್ತಿಲ್ಲ. ಬಾಟಲಿ ಹಾಳಾದರೆ ಯಾರಿಗೆ ಬೈಗುಳ ಬೀಳುತ್ತದೆ ಅಂತ ನಿಮಗೂ ಗೊತ್ತು, ಅಲ್ವಾ? ಒಂದೇ ಕೂಸು ಬಂದರೂ ಬಾಟಲಿ ತೆರೆಯಿರಿ, ಯಾರೂ ಕೇಳುವುದಿಲ್ಲ ಅಂತ ನೀವೇ ಒಂದು ಮಾತು ಹೇಳಬೇಕು.

ನಮ್ಮ ಕಡೆ ದಡಾರಕ್ಕೆ ಗೊಬ್ಬರ ಅಂತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಮ್ಮ ಬಂದಾಳೆ ಅಂತ ಕೂರುವವರು ಇನ್ನೂ ಇದ್ದಾರೆ. ಬೇವು ಕಟ್ಟಲಿ, ನನ್ನ ತಕರಾರಿಲ್ಲ. ಆದರೆ ಸೊರಗಿದ ಮಕ್ಕಳಿಗೆ ಇದು ನ್ಯುಮೋನಿಯಾ ತರುತ್ತದೆ, ಭೇದಿ ತರುತ್ತದೆ, ಕಣ್ಣನ್ನೂ ಕಳೆಯಬಹುದು. ಒಂದು ಮಗುವಿನಿಂದ ಸೂಜಿ ಹಾಕಿಸದ 12ರಿಂದ 18 ಮಂದಿಗೆ ಅಂಟುತ್ತದೆ. ಮೈಮೇಲೆ ದದ್ದು ಏಳುವ 4 ದಿನ ಮೊದಲೇ ಅಂಟಲು ಶುರು. ಅದಕ್ಕೇ 100ರಲ್ಲಿ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು ಅನ್ನುತ್ತಾರೆ. ಈಗ ಮೊಹರಂ ನೆನೆಸಿಕೊಳ್ಳಿ. ಗುಳೆ ಹೋದವರೆಲ್ಲ ಒಟ್ಟಿಗೆ ಬರುತ್ತಾರೆ. ಅಲಾಯಿ ಕುಣಿತ ನೋಡಲು ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಆ ವಾರವೇ ಸೂಜಿ ಹಾಕುವವರನ್ನು ಊರಿಗೆ ಕಳಿಸಿ. ಹೊತ್ತು ತಪ್ಪಿದ ಮಕ್ಕಳಿಗೆ 5 ವರ್ಷದವರೆಗೂ ಹಾಕಬಹುದು. ದಸರಾ ಆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಟೇಬಲ್ ಇಡಿಸಿ. ಸರ್ಕಾರದ ಲಸಿಕೆ ದಾಖಲೆಯ ಆನ್‌ಲೈನ್ ವ್ಯವಸ್ಥೆ ಯು-ವಿನ್‌ನಲ್ಲಿ ಹೆಸರಿದ್ದರೆ ಬೆಂಗಳೂರಲ್ಲೂ ಹಾಕಿಸಬಹುದು. ಆದರೆ ಯಾವ ಕೇಂದ್ರ, ಎಲ್ಲಿದೆ ಅಂತ ಹೇಳಿ ಕಳಿಸುವವರು ಬೇಕು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಹೋರಾಟ ನಡೆದಿದೆ, ನಾನೂ ಒಂದು ದಿನ ಕೂತು ಬಂದಿದ್ದೇನೆ. ಇದಕ್ಕೆ ಏಮ್ಸ್ ಬೇಕಿಲ್ಲ.

ಲಸಿಕೆಯ ಜಿಲ್ಲಾ ಟಾಸ್ಕ್ ಫೋರ್ಸ್‌ಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಶೇಕಡಾ ಎಷ್ಟು ಅಂತ ಕೇಳುವ ಮೊದಲು, ‘ಊರಲ್ಲಿಲ್ಲ’ ಅಂತ ಬರೆದ ಹೆಸರುಗಳನ್ನು ಓದಿಸಿ. ನಮ್ಮ ಓಣಿಯ ಕೂಸು ಈ ಸಲ ಮೊಹರಂಗೆ ಬರುತ್ತದಂತೆ. ಅಜ್ಜಿ ತಾಯಿ ಕಾರ್ಡನ್ನು ಟ್ರಂಕಿನಿಂದ ತೆಗೆದು ಇಟ್ಟಿದ್ದಾಳೆ.

ಇಂತಿ,
ದೇವದುರ್ಗ ತಾಲ್ಲೂಕಿನ ಒಬ್ಬ ಅಂಗಡಿಯವ