ಒಂಬತ್ತಕ್ಕೆ ಕೊಲ್ಲು ಅಂದರೆ ಎಂಟಕ್ಕೇ ಹೊರಟವನು

ಪ್ರೀತಿಯ ತಂಗೀ,

ಅಮೆರಿಕದ ಮಿಸೌರಿ ರಾಜ್ಯದ ದಂಡನಾಯಕ ಅಲೆಗ್ಸಾಂಡರ್ ಡಾನಿಫನ್ ಬಗ್ಗೆ ನೀನು ಬರೆದ ಕರಡನ್ನು ಎರಡು ಸಲ ಓದಿದೆ. ತುಂಬಾ ಓದಿಕೊಂಡು ಬರೆದಿದ್ದೀಯ. ಆದರೆ 1808ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ್ದು, ಮೆಕ್ಸಿಕೋ ಯುದ್ಧ, 1887ರ ಸಾವು, ಎಲ್ಲಕ್ಕೂ ಒಂದೇ ಅಳತೆ. ಫಾರ್ ವೆಸ್ಟ್ ಊರಿನ ಆ ರಾತ್ರಿಗೆ ನಾಲ್ಕೇ ಸಾಲು. ನನಗೆ ಸಂಕಟವಾಯಿತು.

ಅಲ್ಲೇ ಸ್ವಲ್ಪ ಹೊತ್ತು ನಿಲ್ಲು. 1838ರ ನವೆಂಬರ್ 1. ಮಾರ್ಮನ್ನರನ್ನು (ಆಗ ಹೊಸದಾಗಿ ಹುಟ್ಟಿದ್ದ ಒಂದು ಕ್ರೈಸ್ತ ಪಂಥದವರನ್ನು) ಓಡಿಸಿ, ಇಲ್ಲವೇ ನಿರ್ನಾಮ ಮಾಡಿ ಎಂದು ಮಿಸೌರಿಯ ಗವರ್ನರ್ ಬಾಗ್ಸ್ ಆದೇಶ ಹೊರಡಿಸಿ ಐದೇ ದಿನ. ಅವರ ಗುರು ಜೋಸೆಫ್ ಸ್ಮಿತ್ ಸೆರೆ ಸಿಕ್ಕಿದ್ದಾನೆ. ಡಾನಿಫನ್‌ಗೆ ಮೇಲಿನವನಾದ ಜನರಲ್ ಲ್ಯೂಕಸ್ ಅವನಿಗೆ ಆಜ್ಞೆ ಕಳಿಸುತ್ತಾನೆ: ಬೆಳಿಗ್ಗೆ ಒಂಬತ್ತಕ್ಕೆ ಊರ ಚೌಕದಲ್ಲಿ ಸ್ಮಿತ್‌ನನ್ನೂ ಸಂಗಡಿಗರನ್ನೂ ಗುಂಡಿಟ್ಟು ಕೊಲ್ಲು.

ಡಾನಿಫನ್ ಒಪ್ಪಲಿಲ್ಲ. ಇದು ಕೊಲೆ ಅಂದ. ನನ್ನ ದಂಡು ಎಂಟಕ್ಕೇ ಲಿಬರ್ಟಿ ಊರಿಗೆ ಹೊರಡುತ್ತದೆ, ನೀವು ಇವರನ್ನು ಕೊಂದರೆ ನ್ಯಾಯಾಲಯದಲ್ಲಿ ನಿಮ್ಮಿಂದ ಉತ್ತರ ಹೇಳಿಸುತ್ತೇನೆ ಅಂದ.

ಎಂಟು, ಒಂಬತ್ತು. ಆ ಒಂದು ಗಂಟೆ ಕಣ್ಣಿಗೆ ಕಟ್ಟುವ ಹಾಗೆ ಬರೆ. ಕುದುರೆಗಳಿಗೆ ಜೀನು ಬಿಗಿಯುವವರು ಕಸುಬಿನ ಸೈನಿಕರಲ್ಲ, ಮಿಲಿಶಿಯಾದವರು. ಮಿಲಿಶಿಯಾ ಅಂದರೆ ರಾಜ್ಯ ಕರೆದಾಗ ಬಂದೂಕು ಹಿಡಿದು ಬರುವ ರೈತರು, ಅಂಗಡಿಯವರು. ಅವರ ಜನರಲ್‌ಗೂ ಆಗ ಮೂವತ್ತೇ ವರ್ಷ. ಕಸುಬಿನಲ್ಲಿ ವಕೀಲ. ನ್ಯಾಯಾಲಯದ ಮಾತು ಅವನ ಬಾಯಿಗೆ ಬಂದಿದ್ದು ಸುಮ್ನೆ ಅಲ್ಲ, ಅಲ್ವಾ? ಈ ಮಾರ್ಮನ್ನರು ಮೊದಲೇ ಅವನ ಕಕ್ಷಿದಾರರು. 1836ರಲ್ಲಿ ಶಾಸಕನಾಗಿ, ಅವರು ನೆಲೆಸಲೆಂದು ಕಾಲ್ಡ್‌ವೆಲ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮಾಡಿಸಿದವನೂ ಅವನೇ. ಇದನ್ನು ಹೇಳಿದರೆ ಸಾಕು. ‘ಧೀರ’, ‘ಮಹಾನ್’ ಎಲ್ಲಾ ತೆಗೆದುಹಾಕು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ಆತ ಗುಲಾಮರನ್ನು ಇಟ್ಟುಕೊಂಡಿದ್ದವನು. ನಿನ್ನ ಕರಡಿನಲ್ಲಿ ಅದು ಎಲ್ಲೂ ಇಲ್ಲ. ಅವನ ಮೇಲಿನ ಪ್ರೀತಿಯಿಂದ ಬಿಟ್ಟಿರಬಹುದು. ಆದರೆ ಆ ಮನೆಯಲ್ಲಿ ದುಡಿದವರಿಗೆ ಅನ್ಯಾಯ ಆಗುತ್ತದೆ. ಸೇರಿಸು. ಅದೇ ಮನುಷ್ಯ, ಆ ರಾತ್ರಿ ಆ ಆಜ್ಞೆಗೆ ಇಲ್ಲ ಅಂದ. ಎರಡನ್ನೂ ಪಕ್ಕಪಕ್ಕ ಇಡು, ಸಮಜಾಯಿಷಿ ಬೇಡ.

ಮೆಕ್ಸಿಕೋ ಯುದ್ಧ ಒಂದು ಪುಟಕ್ಕೆ ಇಳಿಸು. ಇದ್ದ ಇಬ್ಬರು ಗಂಡುಮಕ್ಕಳೂ ಹದಿಹರೆಯದಲ್ಲೇ ತೀರಿಕೊಂಡಿದ್ದಕ್ಕೆ ಜಾಸ್ತಿ ಜಾಗ ಕೊಡು.

ಮರುದಿನ ಯಾರನ್ನೂ ಕೊಲ್ಲಲಿಲ್ಲ. ಸ್ಮಿತ್ ಆ ಚಳಿಗಾಲವನ್ನು ಜೈಲಿನಲ್ಲಿ ಕಳೆದ. ಆ ಜೈಲು ಇದ್ದದ್ದು ಡಾನಿಫನ್ ತನ್ನ ದಂಡಿನ ಜೊತೆ ಹೊರಡುತ್ತೇನೆ ಅಂದಿದ್ದ ಅದೇ ಲಿಬರ್ಟಿಯಲ್ಲಿ. ಬಾಗ್ಸ್‌ನ ಆದೇಶವನ್ನು ಮಿಸೌರಿ ಅಧಿಕೃತವಾಗಿ ರದ್ದು ಮಾಡಿದ್ದು 1976ರಲ್ಲಿ.

ತಿದ್ದಿ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ