ರಕ್ತಸ್ರಾವದ ನಂತರದ ಕಾಮಣಿಗೆ ಕಷಾಯ ಬೇಡ

ಮಾನ್ಯರೇ,

ಹೆದ್ದಾರಿ ಅಪಘಾತದಲ್ಲಾಗಲಿ, ಹೆರಿಗೆಯ ಹೊತ್ತಿನಲ್ಲಾಗಲಿ ವಿಪರೀತ ರಕ್ತ ಕಳೆದುಕೊಂಡು ಬದುಕುಳಿದವರ ಕಣ್ಣು ಕೆಲವು ದಿನಗಳ ನಂತರ ಹಳದಿಯಾಗುವುದುಂಟು. ಧಾರವಾಡ, ಗದಗ, ಹಾವೇರಿ ಭಾಗದ ನಮ್ಮ ಜನ ಅದನ್ನು ಮಾಮೂಲಿ ಕಾಮಣಿ ಎಂದು ತಿಳಿದು ಊರಿನಿಂದ ಬೇರು, ಸೊಪ್ಪು ತರಿಸುತ್ತಾರೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ತಾಯಿಯೊಬ್ಬರು ಸೆರಗಿನ ಮರೆಯಲ್ಲಿ ಫ್ಲಾಸ್ಕ್ ಹಿಡಿದು, ಮಗನಿಗೆ ಎರಡು ಚಮಚ ಅಮೃತಬಳ್ಳಿ ಕಷಾಯ ಕುಡಿಸಲು ನರ್ಸ್ ಅತ್ತ ಸರಿಯುವುದನ್ನೇ ಕಾಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಔಷಧಶಾಸ್ತ್ರ ಕಲಿಸಿದವನಾಗಿ ಈ ಬಗ್ಗೆ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಹೃದಯದಿಂದ ಹೊರಡುವ ರಕ್ತದ ಸುಮಾರು ನಾಲ್ಕನೇ ಒಂದು ಪಾಲು ಯಕೃತ್ತಿಗೆ ಹೋಗುತ್ತದೆ. ರಕ್ತದೊತ್ತಡ ಕುಸಿದಾಗ ಅದರ ಜೀವಕೋಶಗಳಿಗೆ ಆಮ್ಲಜನಕ ಸಾಲದಾಗುತ್ತದೆ. ರಕ್ತ, ಸಲೈನ್ ಕೊಟ್ಟು ಹರಿವು ಮರಳಿದಾಗ ಅದೇ ಆಮ್ಲಜನಕದಿಂದ ಹಾನಿಕರ ಕಣಗಳು ಹುಟ್ಟಿ, ಉರಿಯೂತ ಕೆರಳಿ, ಎರಡನೆಯ ಪೆಟ್ಟು ಬೀಳುತ್ತದೆ. ಯಕೃತ್ತಿಗೆ ಪೆಟ್ಟಾದುದನ್ನು ರಕ್ತಪರೀಕ್ಷೆಯಲ್ಲಿ ತೋರಿಸುವ, 40ರ ಆಸುಪಾಸಿನಲ್ಲಿರಬೇಕಾದ ಎಸ್‌ಜಿಪಿಟಿ ಎಂಬ ಕಿಣ್ವದ ಮಟ್ಟ ಸಾವಿರ ದಾಟುವುದು ಇದರಿಂದಲೇ. ರಕ್ತಸಂಚಾರ ಸುಧಾರಿಸಿದರೆ ಆ ಅಂಕಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಕಷಾಯ ಕುಡಿಸಿದ್ದರೆ ಗುಣ ಕಂಡದ್ದು ಅದರಿಂದಲೇ ಎಂಬ ನಂಬಿಕೆ ಬೇರೂರುತ್ತದೆ.

ಸಸ್ಯಜನ್ಯ ಸಂಯುಕ್ತಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ದ್ರಾಕ್ಷಿ ಸಿಪ್ಪೆಯಲ್ಲೂ ನಮ್ಮ ಶೇಂಗಾದಲ್ಲೂ ಇರುವ ರೆಸ್ವೆರಟ್ರಾಲನ್ನು, ರಕ್ತ ತೆಗೆದು ಆಘಾತಕ್ಕೊಳಪಡಿಸಿದ ಇಲಿಗಳಿಗೆ ದ್ರವ ಕೊಡುವಾಗಲೇ ನೀಡಿದ ಪ್ರಯೋಗಗಳಲ್ಲಿ ಯಕೃತ್ತಿನ ಹಾನಿ ತಗ್ಗಿದೆ. ಆದರೆ ಅಲ್ಲಿ ಬಳಸಿದ್ದು ಶುದ್ಧೀಕರಿಸಿ, ಅಳತೆ ಮಾಡಿ, ನಿಗದಿತ ಗಳಿಗೆಯಲ್ಲಿ ಕೊಟ್ಟ ಔಷಧ. ಬಾಯಿಯ ಮೂಲಕ ಸೇವಿಸಿದ ರೆಸ್ವೆರಟ್ರಾಲಿನಲ್ಲಿ ಶೇ 1ಕ್ಕಿಂತ ಕಡಿಮೆ ಮಾತ್ರ ಮೂಲರೂಪದಲ್ಲಿ ರಕ್ತಕ್ಕೆ ದಕ್ಕುತ್ತದೆ. ಅರಿಸಿನದ ಕರ್ಕ್ಯುಮಿನ್ ಕೂಡ ಹೀರಿಕೆಯಾಗುವುದು ಅತ್ಯಲ್ಪ. ಇನ್ನು ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಬೇರೆ ಜಾತಿಯ ಬಳ್ಳಿ ಬಳಕೆಯಾಗಿರಬಹುದೆಂದಿತು. ಗುರುತು ತಪ್ಪುವ ಆ ಅಪಾಯ ನಮ್ಮ ಹಳ್ಳಿಯಿಂದ ತರಿಸಿದ ಬಳ್ಳಿಗೂ ಇದೆಯಲ್ಲವೇ?

ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು 20 ಸಾವಿರಕ್ಕೂ ಹೆಚ್ಚು ಗಾಯಾಳುಗಳಲ್ಲಿ ಪರೀಕ್ಷಿಸಿ, ಅದು ಸಾವು ತಗ್ಗಿಸುತ್ತದೆಂಬ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಲಾಯಿತು. ಗಾಯವಾದ 3 ಗಂಟೆಯೊಳಗೆ ಅದನ್ನು ಕೊಡಬೇಕೆಂಬುದೂ ಆ ಪರೀಕ್ಷೆಯಿಂದಲೇ ಸ್ಪಷ್ಟವಾಯಿತು. ಗಿಡಮೂಲಿಕೆಯನ್ನೂ ಇದೇ ಒರೆಗೆ ಹಚ್ಚಬೇಕು. ಕಪ್ಪತಗುಡ್ಡದಂಥ ಸಸ್ಯಸಂಪತ್ತು ಮಗ್ಗುಲಲ್ಲೇ ಇರುವಾಗ, ನಮ್ಮ ಫಾರ್ಮಸಿ, ಆಯುರ್ವೇದ ಮತ್ತು ವೈದ್ಯಕೀಯ ಕಾಲೇಜುಗಳು ಒಟ್ಟಾಗಿ ಈ ಕೆಲಸವನ್ನು ಇಲಿಗಳಿಂದಾಚೆಗೆ, ನಿಯಮಬದ್ಧ ಮಾನವ ಪ್ರಯೋಗದವರೆಗೆ ಒಯ್ಯಲಿ.

ಅಲ್ಲಿಯವರೆಗೆ, ಗಾಯಾಳುವಿನ ಕಣ್ಣು ಹಳದಿಯಾದ ದಿನವೇ ವೈದ್ಯರು ಅದರ ಕಾರಣವನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಬೇಕು. ಈಗಾಗಲೇ ಕಷಾಯ ಕುಡಿಸಿದ್ದರೆ ಮನೆಯವರು ಅದನ್ನು ಮುಚ್ಚಿಡದೆ ಹೇಳಬೇಕು. ಹೇಳಿದವರನ್ನು ಆಸ್ಪತ್ರೆಯವರು ಗದರಿಸಬಾರದು.

– ನಿವೃತ್ತ ಔಷಧಶಾಸ್ತ್ರ ಉಪನ್ಯಾಸಕ, ಗದಗ