ಹವಾಮಾನದ ಲೆಕ್ಕದಲ್ಲಿ ಬಡ್ಡಿ ಎಷ್ಟು?

ಮಾನ್ಯ ಸಂಪಾದಕರೇ,

‘ಬಿಸಿ ಇಷ್ಟು ಡಿಗ್ರಿ ಏರಿದರೆ ಆರ್ಥಿಕತೆಗೆ ಇಷ್ಟು ಪರ್ಸೆಂಟ್ ನಷ್ಟ’ ಅನ್ನುವ ಸುದ್ದಿ ಆಗಾಗ ಓದುತ್ತೇವೆ. ಡಿಗ್ರಿಯ ಬಗ್ಗೆ ನನ್ನ ತಕರಾರಿಲ್ಲ. ನಷ್ಟದ ಅಂಕಿ ಮಾತ್ರ ಬೇರೆ ಜಾತಿಯದು. ಹವಾಮಾನವನ್ನೂ ಜನರ ವ್ಯವಹಾರವನ್ನೂ ಒಂದೇ ಕಂಪ್ಯೂಟರ್ ಮಾದರಿಯಲ್ಲಿ ಹೆಣೆದು ಅದನ್ನು ತೆಗೆಯುತ್ತಾರೆ; ಇಂಥದ್ದಕ್ಕೆ ‘ಸಮಗ್ರ’ ಮಾದರಿ ಅನ್ನುತ್ತಾರೆ. ಅದರೊಳಗೆ ಒಂದು ಬಡ್ಡಿ ದರ ಕೂತಿರುತ್ತದೆ. ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಸಾಲದ ಲೆಡ್ಜರ್ ಬರೆದವನು ನಾನು, ಬಡ್ಡಿ ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ.

ನೂರು ವರ್ಷದ ಆಚೆ ಆಗುವ 100 ರೂಪಾಯಿ ನಷ್ಟಕ್ಕೆ ಇವತ್ತಿನ ಬೆಲೆ ಎಷ್ಟು? 4 ಪರ್ಸೆಂಟ್ ಚಕ್ರಬಡ್ಡಿ ಹಿಡಿದು ಹಿಂದಕ್ಕೆ ಬನ್ನಿ, 2 ರೂಪಾಯಿಯೂ ಪೂರ್ತಿ ಬರುವುದಿಲ್ಲ. 1.4 ಹಿಡಿದರೆ ಸುಮಾರು 25 ರೂಪಾಯಿ. 2006ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಹಿಡಿದದ್ದು 1.4. ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಹಿಡಿದದ್ದು 4ಕ್ಕಿಂತ ಜಾಸ್ತಿ. ಒಬ್ಬರು ಈಗಲೇ ದೊಡ್ಡ ಖರ್ಚು ಮಾಡಿ ಅಂದರು, ಇನ್ನೊಬ್ಬರು ನಿಧಾನವಾಗಿ ಸಾಗೋಣ ಅಂದರು. ಜಗಳದ ಬೇರು ಬಹುಪಾಲು ಇಲ್ಲೇ ಇದೆ.

2018ರ ಅಕ್ಟೋಬರ್ 8ರಂದು ಒಂದು ವಿಚಿತ್ರ ನಡೆಯಿತು. ಬಿಸಿಯನ್ನು 1.5 ಡಿಗ್ರಿಗೆ ತಡೆಯುವ ಬಗ್ಗೆ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ ವರದಿ ಬಂದ ದಿನವೇ ನಾರ್ಡ್‌ಹೌಸ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ಅವರ ‘ಡೈಸ್’ ಮಾದರಿಯಲ್ಲಿ ಖರ್ಚು, ಲಾಭ ತೂಗಿದರೆ 2100ಕ್ಕೆ 3.5 ಡಿಗ್ರಿ ಹತ್ತಿರ ಏರಿದರೂ ಲೆಕ್ಕ ಸರಿಹೋಗುತ್ತಿತ್ತು! ಒಳಗಿನ ಅಂಕಿಗಳನ್ನು ತಿದ್ದಿದ ಮೇಲೆ, 2023ರ ಆವೃತ್ತಿಯಲ್ಲಿ ಅದೇ ಮಾದರಿ 3 ಡಿಗ್ರಿಗಿಂತ ಕೆಳಗಿಳಿದಿದೆ.

ಇನ್ನೊಂದು ಮಾತು. 1991ರಲ್ಲಿ ನಾರ್ಡ್‌ಹೌಸ್ ಅವರೇ, ಅಮೆರಿಕದ ಉತ್ಪಾದನೆಯಲ್ಲಿ ನೂರಕ್ಕೆ 87 ಪಾಲಿಗೆ ಹವಾಮಾನ ಬದಲಾವಣೆ ಅಷ್ಟಾಗಿ ತಟ್ಟುವುದಿಲ್ಲ ಎಂದು ಬರೆದರು. ಸೂರಿನ ಕೆಳಗಿನ ಕೆಲಸಗಳು, ನಿಜ. ಆದರೆ ನಮ್ಮ ದೇಶದ ಆದಾಯದಲ್ಲಿ ಬೇಸಾಯದ ಪಾಲು ಐದನೇ ಒಂದು ಭಾಗಕ್ಕಿಂತ ಕಡಿಮೆ, ಅದನ್ನು ನಂಬಿದ ದುಡಿಯುವ ಕೈಗಳು ನೂರಕ್ಕೆ 45ರ ಆಸುಪಾಸು. ರೂಪಾಯಲ್ಲಿ ಅಳೆದರೆ ಬರಗಾಲ ಸಣ್ಣದಾಗಿಯೇ ಕಾಣುತ್ತದೆ, ಅಲ್ವಾ?

ಬೆಳೆ ಬದಲಿಸಿ ರೈತ ಹೊಂದಿಕೊಳ್ಳುತ್ತಾನೆ ಎಂದು ಎಷ್ಟೋ ಮಾದರಿಗಳು ಹಿಡಿಯುತ್ತವೆ. ಕೋಲಾರದ ಕಡೆ ನಾನು ಕಂಡದ್ದು ಬೇರೆ. ಮಳೆ ಕೈಕೊಟ್ಟ ವರ್ಷ ಹೆಂಡತಿಯ ಓಲೆ ಅಡವಿಟ್ಟು ಸಾಲ ತೆಗೆದವರೊಬ್ಬರು, ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲೇ ಬೋರ್ ಹಾಕಿಸಿದರು. 1,200 ಅಡಿಗೆ ಬರೀ ಬಿಳಿ ಧೂಳು. ಮರುವರ್ಷ ಇನ್ನೊಂದು ಕೊರೆಸಿದರು, ಸಾಲವೂ ಇನ್ನೊಂದಾಯಿತು. ಬರಕ್ಕೆ ಸಾಲ, ಸಾಲಕ್ಕೆ ಬೋರು, ಬೋರಿಗೆ ಇಳಿದ ಅಂತರ್ಜಲ. ಈ ಸುತ್ತನ್ನು ಮಾದರಿಯೊಳಗೆ ತರದೆ ‘ಸಮಗ್ರ’ ಅನ್ನುವುದು ಹೇಗೆ?

ಮಾದರಿಗಳನ್ನು ಸುಮ್ನೆ ಹಳಿಯುತ್ತಿಲ್ಲ, ಅವಿಲ್ಲದೆ ಮುಂದಿನದನ್ನು ಊಹಿಸುವುದೂ ಕಷ್ಟ. ಇಂಥ ಸುದ್ದಿ ಹಾಕುವಾಗ ಎರಡು ಸಾಲು ಸೇರಿಸಿ ಎಂದಷ್ಟೇ ಕೋರಿಕೆ: ಎಷ್ಟು ಬಡ್ಡಿ ಹಿಡಿದಿದ್ದಾರೆ, ಯಾರ ನಷ್ಟವನ್ನು ಎಣಿಸಿದ್ದಾರೆ.

– ನಿವೃತ್ತ ಸಹಕಾರ ಸಂಘದ ಕಾರ್ಯದರ್ಶಿ, ಕೋಲಾರ ಜಿಲ್ಲೆ